ಪಗಾರದ ಕಿವಿ

ಯೂನಿಯನ್ನಿನವರೂ ಸಾಹೇಬರೂ ಕೂತು ಹೊಸ ಪಗಾರದ ಅಗ್ರಿಮೆಂಟಿಗೆ ಸಹಿ ಹಾಕಿದ ವಾರವೇ ನಮ್ಮ ಡಬ್ಬಾ ಕಾಕಾರ ಆಂಪ್ಲಿಫೈಯರ್ ಕೆಡುತ್ತದೆ. ಕೆಡುವುದೆಂದರೆ ಸುಟ್ಟ ವಾಸನೆ ಬರುವುದಿಲ್ಲ, ಗೊರಗೊರ ಎನ್ನುವುದಿಲ್ಲ. ಹಿಂದಿನ ದಿನ ಹಾಡಿದಂತೆಯೇ ಹಾಡುತ್ತದೆ. ಕಾಕಾರ ಕಿವಿಗೆ ಮಾತ್ರ ಅದರಲ್ಲೊಂದು ಐಬು ಕೇಳತೊಡಗುತ್ತದೆ. “ನಡುವಿನ ಸ್ವರ ಯಾಕೋ ಮಂಕ ಅನಸಾಕತ್ತೈತಿ. ನಿಮಗೂ ಅನಸ್ತದೇನ್ರಿ?” ಎಂದು ಕೇಳುತ್ತಾರೆ. ನನಗೇನೂ ಅನಿಸುವುದಿಲ್ಲ. ನನ್ನ ಕಂಪನಿಯಲ್ಲಿ ಆ ವರ್ಷ ಅಗ್ರಿಮೆಂಟ್ ಆಗಿರುವುದಿಲ್ಲ.

ಶಿರೂರು ಎಂದೊಡನೆ ಉಡುಪಿಯ ಮಠವನ್ನೋ ಬೈಂದೂರಿನ ಕಡಲನ್ನೋ ನೆನೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದು ಘೋಡ್ ನದಿಯ ದಂಡೆಯ ಶಿರೂರು. ಪುಣೆ ಜಿಲ್ಲೆಯ ಅಂಚಿನ ಊರು, ಹೊಳೆ ದಾಟಿದರೆ ಅಹಿಲ್ಯಾನಗರ ಜಿಲ್ಲೆ. ಹೆದ್ದಾರಿ ಹಿಡಿದು ಪುಣೆಯ ಕಡೆ ಹೊರಟರೆ ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ರಾಂಜಣಗಾವು, ಅಲ್ಲೇ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶ. ಎಲ್‌ಜಿ, ವರ್ಲ್‌ಪೂಲ್ ಮೊದಲಾದವರ ಕಾರ್ಖಾನೆಗಳು ಅಲ್ಲಿವೆ. ದೇಶದ ಅಡುಗೆಮನೆಗೆ ಫ್ರಿಜ್ ಮಾಡಿ ಕಳಿಸುವ ಈ ಊರಿಗೆ ದುಡಿಯಲು ಬಂದವರಲ್ಲಿ ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಕಾಕಾ ಅವರಲ್ಲಿ ಒಬ್ಬರು. ಡಿಪ್ಲೊಮಾ ಕಲಿತು ಬಂದು ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಮೇಂಟೆನೆನ್ಸ್ ಕೆಲಸಕ್ಕೆ ಸೇರಿದವರು. ವಾರದ ರಜೆ ಗುರುವಾರ. ಹಾಗಾಗಿ ಗುರುವಾರ ನಮ್ಮ ಕಾಲೊನಿಯಲ್ಲಿ ಇಬ್ಬರಿಗೆ ಪೂಜೆ, ಒಂದು ದತ್ತಾತ್ರೇಯನಿಗೆ, ಇನ್ನೊಂದು ಕಾಕಾರ ಮನೆಯ ಸ್ಪೀಕರಿಗೆ.

ಡಬ್ಬಾ ಕಾಕಾ ಎಂದು ಹೆಸರಿಟ್ಟದ್ದು ಕಾಲೊನಿಯ ಮರಾಠಿ ಹುಡುಗರು. ಅವರ ಮನೆಗೆ ಡಬ್ಬಗಳು ಬರುತ್ತವೆ, ಹೋಗುವುದಿಲ್ಲ. ಮಾರುವಾಗ ಖಾಲಿ ಡಬ್ಬ ಇದ್ದರೆ ಒಳ್ಳೆಯ ರೇಟು ಸಿಗುತ್ತದೆಂದು ಥರ್ಮೋಕೋಲಿನ ಸಮೇತ ಅಟ್ಟದ ಮೇಲೆ ಜೋಡಿಸಿದ್ದಾರೆ. ಅವರ ಹೆಂಡತಿ ಕಾಕೂ ತವರಿನಿಂದ ತಂದ ಹಂಡೆ, ಕೊಳಗ ಅಟ್ಟದಿಂದ ಇಳಿದು ಮಂಚದ ಕೆಳಗೆ ಸೇರಿವೆ. ಇದುವರೆಗೆ ಕಾಕಾ ಏನನ್ನೂ ಮಾರಿಲ್ಲ.

ಅವರ ಕಿವಿಯ ಬಗ್ಗೆ ನಾನೊಂದು ಸಂಶೋಧನೆ ಮಾಡಿದ್ದೇನೆ. ಅದು ಪಗಾರ ಚೀಟಿ ನೋಡಿ ಕೇಳುವ ಕಿವಿ. ದೀಪಾವಳಿ ಬೋನಸ್ ಜಮಾ ಆದ ದಿನ ತಬಲಾದ ಬಾಯಾ ‘ಸಡಿಲ’ ಕೇಳುತ್ತದೆ, ಸಬ್‌ವೂಫರ್ ಬೇಕಾಗುತ್ತದೆ. ಓವರ್‌ಟೈಮ್ ಜೋರಾಗಿರುವ ತಿಂಗಳಲ್ಲಿ ತಂಬೂರಿಯ ಎರಡನೆಯ ತಂತಿ ಹೊಗೆಯೊಳಗೆ ಕೂತಂತೆ ಇರುತ್ತದೆ, ಡಿಜಿಟಲ್ ಹಾಡನ್ನು ಸದ್ದಾಗಿಸುವ ಹೊಸ ಡ್ಯಾಕ್ ಬೇಕಾಗುತ್ತದೆ. ಅದೇ ಜೂನ್ ತಿಂಗಳು ಬರಲಿ, ಇಬ್ಬರು ಮಕ್ಕಳ ಶಾಲೆಯ ಫೀ, ವಹಿ, ಬೂಟು ಎಂದು ಖರ್ಚು ಸಾಲುಗಟ್ಟಲಿ, ಆಗ ಇವರ ಕಿವಿಗೆ ಎಂಥ ಸಂತೃಪ್ತಿ ಅಂತೀರಿ! ಮಗನ ಹಳೆಯ ಮೊಬೈಲಿನಲ್ಲಿ ಬರುವ ಹಾಡು ಕೇಳಿಯೂ “ಭಾಳ ಸ್ವಚ್ಛ ಐತಲ್ಲ, ಇಷ್ಟಿದ್ರ ಸಾಕು” ಎನ್ನುತ್ತಾರೆ. ಆರ್ಡರ್ ಇಲ್ಲದೆ ಓವರ್‌ಟೈಮ್ ನಿಂತ ವರ್ಷವಂತೂ ಸ್ಟೀರಿಯೋ ಎಂಬುದೇ ಒಂದು ಕೃತಕ ಏರ್ಪಾಡು, ಹಾಡುವವನಿಗೆ ಇರುವುದು ಒಂದೇ ಬಾಯಿ ಎಂದು ನನಗೆ ಅರ್ಧ ತಾಸು ತಿಳಿಸಿ ಹೇಳಿದ್ದರು.

1857ರಲ್ಲಿ ಅರ್ನ್ಸ್ಟ್ ಎಂಗೆಲ್ ಎಂಬ ಜರ್ಮನ್ ಲೆಕ್ಕಿಗ, ಆದಾಯ ಏರಿದಂತೆ ಅದರಲ್ಲಿ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ ಎಂದು ತೋರಿಸಿಕೊಟ್ಟ. ಇಳಿದು ಉಳಿದ ಪಾಲು ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕಿದ್ದರೆ ಅವನು ಶಿರೂರಿಗೆ ಬರಬೇಕಿತ್ತು. ನಮ್ಮ ಸರ್ಕಾರದ 2023-24ರ ಸಮೀಕ್ಷೆ ಪ್ರಕಾರ ಪಟ್ಟಣದ ಒಬ್ಬ ಮನುಷ್ಯ ಒಂದು ತಿಂಗಳು ಬದುಕಲು ಸರಾಸರಿ 6,996 ರೂಪಾಯಿ ಖರ್ಚು ಮಾಡುತ್ತಾನೆ, ಅದರಲ್ಲಿ ಉಣ್ಣಲು ತಿನ್ನಲು ಹೋಗುವುದು ಹೆಚ್ಚುಕಡಿಮೆ ಶೇಕಡಾ 40. ಈ ಅಂಕಿಯನ್ನು ಕಾಕಾರಿಗೆ ಹೇಳಿದೆ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ, “ಅಂದ್ರ ಒಂದ ಜೋಡಿ ಸ್ಪೀಕರ್ ವಾಯರು” ಎಂದರು. ಜನಸಾಮಾನ್ಯರ ಬದುಕಿನ ಬೆಲೆ ಇಷ್ಟು ಕಡಿಮೆಯೇ ಎಂದು ನೊಂದುಕೊಂಡರೋ, ವಾಯರು ಇಷ್ಟು ಅಗ್ಗವೇ ಎಂದು ಹಿಗ್ಗಿದರೋ ನನಗೆ ತಿಳಿಯಲಿಲ್ಲ.

ಈ ಚಟದ ಕ್ರೂರ ಲೆಕ್ಕ ಇರುವುದು ಭೌತಶಾಸ್ತ್ರದಲ್ಲಿ. ವ್ಯಾಟ್ ಎರಡು ಪಟ್ಟು ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬಲ್. ಹೌದೋ ಅಲ್ಲವೋ ಎನ್ನುವಷ್ಟು. ಕಿವಿಗೆ ಇಮ್ಮಡಿ ಎನಿಸಬೇಕಿದ್ದರೆ ಸುಮಾರು 10 ಪಟ್ಟು ವ್ಯಾಟ್ ಬೇಕು. ಇನ್ನು ಹತ್ತು ಅಡಿ, ಹನ್ನೆರಡು ಅಡಿಯ ಹಾಲಿನಲ್ಲಿ ಮನೆಮಂದಿ ಮಾತಾಡಿಕೊಳ್ಳುತ್ತ ಹಾಡು ಕೇಳುವಾಗ ಖರ್ಚಾಗುವುದು ಒಂದು ವ್ಯಾಟಿಗಿಂತ ಹೆಚ್ಚಿಲ್ಲ. ಕಾಕಾರ ಆಂಪ್ಲಿಫೈಯರಿಗೆ ನೂರು ವ್ಯಾಟ್ ಇದೆ. ಉಳಿದ ತೊಂಬತ್ತೊಂಬತ್ತು ಏನು ಮಾಡುತ್ತವೆ ಎಂದು ಕೇಳಿದರೆ “ರಿಸರ್ವ್ ಅದಾವ” ಎನ್ನುತ್ತಾರೆ. ಅವರ ಬ್ಯಾಂಕಿನ ಖಾತೆಯಲ್ಲಿ ಇಲ್ಲದ ರಿಸರ್ವ್ ಅದೊಂದೇ ಕಡೆ ಇರುವುದು.

ಹಾಗೆಂದು ಕಾಕಾ ದುಂದುಗಾರರೆಂದು ತಿಳಿಯಬೇಡಿ. ಪುಣೆಯ ದೊಡ್ಡ ಶೋರೂಮುಗಳಿಗೆ ಹೋಗುತ್ತಾರೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತು ಲಕ್ಷಗಟ್ಟಲೆಯ ಸ್ಪೀಕರನ್ನು ಕಣ್ಣು ಮುಚ್ಚಿ ಕೇಳುತ್ತಾರೆ, “ಪಗಾರ ಆದಮ್ಯಾಲೆ ಬರ್ತೀನಿ” ಎಂದು ಎದ್ದು ಬರುತ್ತಾರೆ. ಯಾವ ಪಗಾರ ಎಂದು ಅವರೂ ಹೇಳುವುದಿಲ್ಲ, ಅಂಗಡಿಯವನೂ ಕೇಳುವುದಿಲ್ಲ. ವ್ಯಾಪಾರ ಮಾತ್ರ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ. ಅದೂ ತುಟ್ಟಿಯಾದ ತಿಂಗಳು ಜೂನಾ ಬಾಜಾರಿನಲ್ಲಿ, ತುಕ್ಕು ಹಿಡಿದ ಬೀಗದ ಕೈ ಮತ್ತು ಒಂಟಿ ಬೂಟುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು.

ಅವರು ತಂದ ಪ್ರತಿ ವಸ್ತುವಿಗೂ ಮೂರು ಬೆಲೆ. ಅಂಗಡಿಯವನಿಗೆ ಕೊಟ್ಟದ್ದು ಒಂದು, ಸಮಾನ ಚಟದ ಗೆಳೆಯರಿಗೆ ಹೇಳುವುದು ಒಂದು, ಮನೆಯಲ್ಲಿ ಹೇಳುವುದು ಒಂದು. ಗೆಳೆಯರಿಗೆ ಹೇಳುವಾಗ ಬೆಲೆ ಕಾಲರ್ ಎತ್ತಿಕೊಂಡು ನಡೆಯುತ್ತದೆ, ಮನೆಯ ಹೊಸ್ತಿಲು ದಾಟುವಾಗ ಗೂನು ಬೆನ್ನಾಗುತ್ತದೆ. ಇಪ್ಪತ್ತೆಂಟು ಸಾವಿರದ ಸ್ಪೀಕರ್ ಜೋಡಿ ಒಮ್ಮೆ ಹೀಗೆಯೇ ನಾಲ್ಕು ಸಾವಿರವಾಗಿ ಒಳಗೆ ಬಂತು.

“ಎಷ್ಟ ಬಿತ್ತರಿ?”

“ನಾಕ ಸಾವಿರ. ಸೆಕೆಂಡ್ ಹ್ಯಾಂಡ್. ಅವಗ ರೊಕ್ಕದ ಅಡಚಣಿ ಇತ್ತು, ಕೊಟ್ಟ.”

ಕಾಕೂ ಮಾತಾಡಲಿಲ್ಲ. ಕಾಲೊನಿಯ ಹೆಂಗಸರ ಭಿಶಿ, ಅಂದರೆ ಚೀಟಿ, ನಡೆಸುವವರು ಅವರು. ಹದಿನೆಂಟು ಮನೆಯ ರೊಕ್ಕ, ಯಾವ ತಿಂಗಳು ಯಾರ ಪಾಳಿ, ಯಾರು ಕಟ್ಟಿಲ್ಲ ಎಂಬುದೆಲ್ಲ ವಹಿ ತೆರೆಯದೆ ಹೇಳುತ್ತಾರೆ. ಅಂಥವರಿಗೆ ನಾಲ್ಕು ಸಾವಿರದ ಸ್ಪೀಕರನ್ನು ಇಬ್ಬರು ಹಿಡಿದು ಒಳಗೆ ತರಬೇಕಾಗಿಲ್ಲ ಎಂಬುದು ತಿಳಿಯದೇನು? ಎರಡು ದಿನ ಬಿಟ್ಟು ವಿಜಯಪುರಕ್ಕೆ ಫೋನು ಹಚ್ಚಿದರು. ಮರುದಿನ ಅಲ್ಲಿಂದ ನಾದಿನಿಯ ಫೋನು ಕಾಕಾರಿಗೇ ಬಂತು. “ಅಣ್ಣಾ, ವೈನಿ ಹೇಳಿದ್ರು. ನಾಕ ಸಾವಿರಕ್ಕ ಅಷ್ಟ ಚಂದ ಸ್ಪೀಕರ್ ಸಿಗ್ತಾವಂತ. ನಮಗೂ ಒಂದ ಜೋಡಿ ತಗೊಂಡ ಬರ್ರಿ, ಪಂಚಮಿಗೆ ಬರೂ ಮುಂದ. ರೊಕ್ಕ ಈಗ ಹಾಕ್ಲೇನು?” ರೊಕ್ಕ ಅಂದೇ ಬಂತು, ಸರಿಯಾಗಿ ನಾಲ್ಕು ಸಾವಿರ. ತಂಗಿಗೆ ಇಲ್ಲವೆನ್ನಲು ಬಾಯಿಲ್ಲ, ಹೆಂಡತಿಗೆ ಹೌದೆನ್ನಲು ಧೈರ್ಯವಿಲ್ಲ. ಕಾಕಾ ಕಂಪನಿಯ ಪತಸಂಸ್ಥೆಯಲ್ಲಿ ಸಾಲ ತೆಗೆದು, ಇನ್ನೊಂದು ಜೋಡಿ ಕೊಂಡು, ನಾಗರಪಂಚಮಿಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ವಿಜಯಪುರಕ್ಕೆ ಹೋದರು. ಸಾಲದ ಹಪ್ತೆ ಮುಗಿಯುವ ತನಕ ಅವರ ಕಿವಿಗೆ ಯಾವ ಯಂತ್ರದಲ್ಲೂ ಯಾವ ಐಬೂ ಕೇಳಲಿಲ್ಲ.

ಕಾಕೂ ಅವರ ಜಗಳ ಬೇರೆ ತರಹದ್ದು, ಮಾತಿಲ್ಲದ್ದು. ಮನೆಗೆ ಒಂದು ಡಬ್ಬ ಬಂದರೆ ಮುಂದಿನ ಭಿಶಿಯಲ್ಲಿ ಒಂದು ಬಂಗಾರದ ಸಾಮಾನು ಬರುತ್ತದೆ, ಅಷ್ಟೇ. ಕಾಕಾ ಮೊದಮೊದಲು ಇದನ್ನು ಸಮಾನತೆ ಎಂದುಕೊಂಡಿದ್ದರು. 2025ರಲ್ಲಿ ಹತ್ತು ಗ್ರಾಂ ಬಂಗಾರ ಒಂದು ಲಕ್ಷ ದಾಟಿದ ಮೇಲೆ ಒಮ್ಮೆ ಇಬ್ಬರ ಆಸ್ತಿಯನ್ನೂ ಕೂಡಿಸಿ ನೋಡಿದರು. ಅವತ್ತಿನಿಂದ ಅವರು ಆ ಲೆಕ್ಕ ಎತ್ತಿಲ್ಲ.

ಹಾಲಿನ ಸಮಸ್ಯೆ ಇನ್ನೊಂದು. ಸ್ಪೀಕರನ್ನು ಗೋಡೆಯಿಂದ ಮೂರು ಅಡಿ ಮುಂದಕ್ಕೆ ತರಬೇಕು, ಎರಡರ ನಡುವೆ ಏಳು ಅಡಿ ಇರಬೇಕು, ಕೇಳುವವ ಅಷ್ಟೇ ದೂರದಲ್ಲಿ ತ್ರಿಕೋನದ ತುದಿಯಲ್ಲಿ ಕೂಡಬೇಕು. ಹೀಗೆ ಇಟ್ಟರೆ ಹಾಲಿನಲ್ಲಿ ಉಳಿಯುವ ಜಾಗ ಒಬ್ಬನಿಗೆ ಮಾತ್ರ. ಬೀಗರು ಬಂದರೆ ಅಡುಗೆಮನೆಯಲ್ಲಿ ಕೂಡುತ್ತಾರೆ. ಬರಿಗೋಡೆಗೆ ಬಡಿದು ಮರಳುವ ಸದ್ದು ಹೀರಲು ಹೊರದೇಶದ ಹಲಗೆಗಳು ಸಿಗುತ್ತವೆ, ಒಂದೊಂದಕ್ಕೆ ಸಾವಿರಾರು ರೂಪಾಯಿ. ಕಾಕಾ ಅದಕ್ಕೆ ಅತ್ತೆಯವರು ಹೊಲಿದುಕೊಟ್ಟ ಎರಡು ಕೌದಿ ತೂಗುಬಿಟ್ಟರು. ದಪ್ಪ ಅರಿವೆ ಮೇಲಿನ ಸ್ವರಗಳ ಮರುದನಿಯನ್ನು ನಿಜಕ್ಕೂ ಹೀರುತ್ತದೆ. ಅತ್ತೆ ಬಂದಾಗ ಗೋಡೆಯ ಮೇಲೆ ತಮ್ಮ ಕೌದಿ ಕಂಡು ಕಣ್ಣೊದ್ದೆ ಮಾಡಿಕೊಂಡರು. “ಅಳಿಯಂದಿರಿಗೆ ಎಷ್ಟ ಅಭಿಮಾನ ನೋಡವ್ವಾ” ಎಂದರಂತೆ. ಇಡೀ ಹೈಫೈ ಸಂಸಾರದಲ್ಲಿ ಪೈ ಖರ್ಚಿಲ್ಲದೆ ಇಬ್ಬರಿಗೂ ಸುಖ ಕೊಟ್ಟ ಖರೀದಿ ಅದೊಂದೇ. ಅದು ಖರೀದಿಯೂ ಅಲ್ಲ.

ಇಷ್ಟಾಗಿ ಅವರು ಕೇಳುವುದು ಏನನ್ನು? ಅವರ ತಂದೆ ಊರಲ್ಲಿ ಅಂಚೆ ಕಚೇರಿಗೆ ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟಿ ಒಂದು ರೇಡಿಯೋ ಇಟ್ಟಿದ್ದರು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನ್ಸೂರರು ಹಾಡಿದರೆ ಓಣಿಯೆಲ್ಲ ಕಟ್ಟೆಗೆ ಬಂದು ಕೂಡುತ್ತಿತ್ತು. ನಡುನಡುವೆ ಗರಗರ ಬಂದಾಗ ಯಾರೋ ಎದ್ದು ತಂತಿ ಅಲ್ಲಾಡಿಸುತ್ತಿದ್ದರು. ಕಾಕಾ ಈಗ ಅದೇ ಮನ್ಸೂರರನ್ನು ಕೇಳುತ್ತಾರೆ, ಗರಗರ ಇಲ್ಲದೆ. ಆದರೆ ಅರ್ಧ ಆಲಾಪಕ್ಕೇ ನಿಲ್ಲಿಸಿ ವಾಯರು ಬದಲಿಸಿ ಮತ್ತೆ ಮೊದಲಿನಿಂದ ಹಚ್ಚುತ್ತಾರೆ. ಆ ರಾಗ ದ್ರುತಕ್ಕೆ ಹೋದದ್ದನ್ನು ನಾನಂತೂ ಅವರ ಮನೆಯಲ್ಲಿ ಕೇಳಿಲ್ಲ. ಗುರು ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವಕ್ಕೆ ಪ್ರತಿ ಡಿಸೆಂಬರಿನಲ್ಲಿ ತಪ್ಪದೆ ಹೋಗುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ. ಸುತ್ತಲಿನವರು ತಲೆದೂಗುತ್ತಿದ್ದಾಗ ಇವರು ಕಣ್ಣು ಮುಚ್ಚಿ ಕೂತಿದ್ದರು, ಕಣ್ಣಂಚಿನಲ್ಲಿ ನೀರಿತ್ತೆಂದೇ ಅಂದುಕೊಂಡೆ. ಹೊರಗೆ ಬಂದು, “ಎಡಗಡಿ ಸ್ಪೀಕರ್ ಇನ್ನೊಂದ ಸ್ವಲ್ಪ ಕೆಳಗ ಬಾಗಸಬೇಕಿತ್ತು” ಎಂದರು.

ಗಣೇಶ ಚತುರ್ಥಿಯ ಹತ್ತು ದಿನ ಮಾತ್ರ ಅವರು ಸೋಲುತ್ತಾರೆ. ಟ್ರಕ್ಕಿನ ಮೇಲೆ ಮಹಡಿಯೆತ್ತರ ಡಬ್ಬಗಳ ಗೋಡೆ ಏರುತ್ತದೆ, ಜನ ಅದನ್ನು ಡಾಲ್ಬಿ ಎನ್ನುತ್ತಾರೆ. ಟೇಪಿನ ಸುಂಯ್‌ಗುಟ್ಟುವ ಸದ್ದನ್ನು ಅಡಗಿಸಲು ಆಯುಷ್ಯ ಕಳೆದ ರೇ ಡಾಲ್ಬಿ ಎಂಬ ಮಹಾಶಯನಿಗೆ ನಮ್ಮ ಸೀಮೆಯಲ್ಲಿ ಸಿಕ್ಕ ಸ್ಮಾರಕ ಇದು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ದಾಟಬಾರದೆಂದು 2000ನೇ ಇಸವಿಯ ನಿಯಮ. ಮೆರವಣಿಗೆ ಬಂದಾಗ ಕಾಕಾರ ಕಿಟಕಿಯ ಗಾಜು ತಾಳ ಹಾಕುತ್ತದೆ. ವರ್ಗಣಿ ಕೇಳಲು ಬಂದ ಹುಡುಗರಿಗೆ ಐದುನೂರು ಕೊಟ್ಟು ಒಳಗೆ ಬಂದು, “ನನ್ನ ರೊಕ್ಕದಾಗ ಅತೀ ಜೋರಾಗಿ ಕೇಳೂದು ಇದೊಂದ” ಎಂದು ನಕ್ಕರು. ಆ ಮಟ್ಟಿಗೆ ಅವರಿಗೆ ತಮ್ಮ ಬಗ್ಗೆ ನಗುವುದು ಗೊತ್ತು.

ನಿವೃತ್ತಿ ಹತ್ತಿರ ಬಂದಂತೆ ಕಾಕಾರ ಕಿವಿ ಹಿಂದೆಂದಿಗಿಂತ ಸೂಕ್ಷ್ಮವಾಯಿತು. ಪಿಎಫ್, ಗ್ರ್ಯಾಚುಯಿಟಿ ಎರಡೂ ಬರುವುದಿತ್ತಲ್ಲ. ಇದ್ದ ಸ್ಪೀಕರಿನ ಮೇಲಿನ ಸ್ವರಗಳು ಪೂರ್ತಿ ಸತ್ತುಹೋಗಿವೆ, ಮಂಜೀರದ ಕಿಣಿಕಿಣಿ ಕೇಳುತ್ತಲೇ ಇಲ್ಲ, ಟ್ವೀಟರ್ ಬದಲಿಸಲೇಬೇಕು ಎಂದು ಪಟ್ಟು ಹಿಡಿದರು. ಕಾಕೂ ತಾವು ಕೇಳಿ ನೋಡಿದರು, ಮಂಜೀರ ಕೇಳುತ್ತಿತ್ತು. ಮಗಳು ಕೇಳಿದಳು, ಕೇಳುತ್ತಿತ್ತು. ಕಾಕೂ ಏನೂ ಹೇಳದೆ ಗುರುವಾರ ನೋಡಿ ಇವರನ್ನು ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು.

ಎಳೆಯರ ಕಿವಿ 20ರಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ. ಅರವತ್ತರ ಸುಮಾರಿಗೆ ಬಹಳ ಜನರಿಗೆ ಮೇಲಿನ ತುದಿ ಎಷ್ಟೋ ಮೊದಲೇ ಮುಗಿದಿರುತ್ತದೆ. ಪ್ರೆಸ್ ಶಾಪಿನಲ್ಲಿ ದುಡಿದವರಿಗೆ ಅದರ ಜೊತೆ ಇನ್ನೊಂದು ಗುರುತು, 4,000 ಹರ್ಟ್ಜ್ ಸುತ್ತ ಆಡಿಯೋಗ್ರಾಮಿನ ಗೆರೆ ದಬಕ್ಕನೆ ಕೆಳಗೆ ಬೀಳುತ್ತದೆ. ಎಂಟು ತಾಸಿಗೆ 90 ಡೆಸಿಬಲ್ ಮೀರಬಾರದೆಂದು ಕಾರ್ಖಾನೆಗಳಿಗೆ ಮಿತಿಯೇನೋ ಇದೆ. ಕಿವಿಗೆ ತುರುಕಿಕೊಳ್ಳಲು ಕೊಟ್ಟ ಪ್ಲಗ್ಗನ್ನು ಕಾಕಾ ಹಾಕುತ್ತಿರಲಿಲ್ಲ, ಮಷಿನಿನ ಐಬು ಅದರ ಸದ್ದಿನಿಂದಲೇ ಗೊತ್ತಾಗಬೇಕು ಎಂಬ ಅಭಿಮಾನ. ಹೈಫೈಗೆ ರೊಕ್ಕ ಹುಟ್ಟಿದ ಜಾಗದಲ್ಲೇ ಕಿವಿ ಕಂತುಕಂತಾಗಿ ಖರ್ಚಾಗಿತ್ತು.

ಡಾಕ್ಟರರು ಗೆರೆ ತೋರಿಸಿ ಎರಡೂ ಕಿವಿಗೆ ಮಷಿನ್ ಬೇಕು ಎಂದರಂತೆ. ಬೆಲೆ ಕೇಳಿ ಕಾಕಾ ಎದ್ದು ನಿಂತರು. “ಇಷ್ಟ ಸಣ್ಣದಕ್ಕ ಇಷ್ಟ ರೊಕ್ಕ? ಒಂದ ಕಿವಿಗೆ ಸಾಕು, ಮೋನೋ ನಡೀತದ.”

ಕಾಕೂ ಚೀಲದಿಂದ ಪರ್ಸು ತೆಗೆದರು. “ಸ್ಟೀರಿಯೋನ ಕೊಡ್ರಿ ಡಾಕ್ಟರ್. ಈ ತಿಂಗಳ ಭಿಶಿ ನಂದೈತಿ.”

ಬಿಲ್ಲು ಕೈಗೆ ಬಂದಾಗ ಕಾಕಾ ಅಭ್ಯಾಸಬಲದಿಂದ ಕೊನೆಯ ಸಾಲಿಗೆ ಹೋದರು. ಆಂಪ್ಲಿಫೈಯರಿಗೆ, ಸ್ಪೀಕರಿಗೆ, ವಾಯರಿಗೆ ಪ್ರತಿ ಸಲ 18 ಪರ್ಸೆಂಟ್ ಜಿಎಸ್‌ಟಿ ಕಟ್ಟಿ ಬಂದ ಮನುಷ್ಯ. ಕಿವಿ ಮಷಿನಿಗೆ ಜಿಎಸ್‌ಟಿ ಸೊನ್ನೆ. ಬಿಲ್ಲನ್ನು ನನಗೂ ತಂದು ತೋರಿಸಿದರು, ಡಬ್ಬವನ್ನೂ. ಅಂಗೈಯಷ್ಟು ಡಬ್ಬ. ಅಟ್ಟದ ಮೇಲೆ ಅದಕ್ಕೂ ಜಾಗ ಸಿಕ್ಕಿತು.

ಈಗ ಅವರ ಸಂಶಯ ಒಂದೇ. ಡಾಕ್ಟರರಿಗೆ ಫೋನು ಮಾಡಿ ಕೇಳಿದ್ದಾರೆ, “ಇದರ ದನಿ ಪೂರಾ ತೆರಕೊಳ್ಳಾಕ ಎಷ್ಟ ತಾಸ ಓಡಸ್ಬೇಕಾಗ್ತದ್ರಿ?”