ಮೇಲಿಗೊಂದು ಚಪ್ಪಾಳೆ

ಮುಂಡಗೋಡದ ಟಿಬೆಟನ್ ಕಾಲೊನಿ 1966ರಲ್ಲಿ ಶುರುವಾದದ್ದು. ಅಲ್ಲಿನ ಡ್ರೆಪುಂಗ್, ಗಾಂದೆನ್ ಮಠಗಳ ಭಿಕ್ಷುಗಳು ವಾದಕ್ಕಿಳಿದರೆ ನೋಡಬೇಕು! ಕೂತವರು ಉತ್ತರ ಹೇಳಬೇಕು. ನಿಂತವರು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಚಟ್ಟನೆ ಚಪ್ಪಾಳೆ ಹೊಡೆಯುತ್ತಾರೆ. ನುಣುಚಿಕೊಳ್ಳಲು ಸಂದಿಯೇ ಇಲ್ಲ.

ಆಫೀಸಿನ ಈಮೇಲನ್ನೂ ಹಾಗೇ ಎದುರು ಕೂರಿಸಿ ವಿಚಾರಿಸಬೇಕು. ‘ನಿನ್ನೆ ಮಾತಾಡಿದ ಹಾಗೆ...’ ಎಂದು ರಾಗ ಎಳೆಯುತ್ತದೆಯೇ? ಹೊಡೆಯಿರಿ ಚಪ್ಪಾಳೆ! ಕೆಲಸ ಯಾರದು? ಏನು ಮಾಡಬೇಕು? ಯಾವತ್ತಿಗೆ? ನಾಲ್ಕು ಪ್ಯಾರಾದ ಪತ್ರ ಕೊನೆಗೆ ‘ಶುಕ್ರವಾರದೊಳಗೆ ಬಿಲ್ಲು ಕಳಿಸು’ ಎಂಬ ಒಂದೇ ಸಾಲಿಗೆ ಇಳಿಯುತ್ತದೆ. ನಿಮ್ಮ ಕೆಲಸದ ಪಟ್ಟಿಗೆ ಹೋಗಬೇಕಾದ್ದು ಅಷ್ಟೇ. ‘ಬಿಲ್ಲಿನ ವಿಚಾರ’ ಎಂದು ಬರೆದಿರೋ, ಅದು ಟಿಬೆಟನ್ನರ ಹೊಸ ವರ್ಷವಾದ ಮುಂದಿನ ಲೋಸಾರ್ ಹಬ್ಬದವರೆಗೂ ಬರೀ ವಿಚಾರವಾಗಿಯೇ ಉಳಿಯುತ್ತದೆ.

ಜಿಮೇಲಿನಲ್ಲಿ ಪತ್ರವನ್ನು ಸೀದಾ ಟಾಸ್ಕ್ ಪಟ್ಟಿಗೆ ಸೇರಿಸುವ ಗುಂಡಿ ಇದೆ, ನಿಜ. ಆದರೆ ಅದು ಪತ್ರದ ವಿಷಯವನ್ನೇ ಕೆಲಸದ ಹೆಸರಾಗಿ ಇಡುತ್ತದೆ. ‘ರೀ: ರೀ: ಅರ್ಜೆಂಟ್’ ಎಂಬ ಕೆಲಸವನ್ನು, ಆ ಮಠಗಳಲ್ಲಿ ವರ್ಷಗಟ್ಟಲೆ ಓದಿ ಗೆಶೆ ಪದವಿ ಪಡೆದ ಭಿಕ್ಷುಗಳೂ ಮುಗಿಸಲಾರರು. ಹೆಸರು ತಿದ್ದಿ, ತಾರೀಖು ಹಾಕಿ. ಇನ್ನು ಸಿಸಿಯಲ್ಲಿ ಬಂದವು? ಓದಿ ಬಿಟ್ಟುಬಿಡಿ, ಕಳಿಸಿದವರಿಗೂ ನಿಮ್ಮ ಉತ್ತರ ಬೇಕಿರುವುದಿಲ್ಲ.