ವಾರಾಂತ್ಯದ ವಾನಪ್ರಸ್ಥ

ಮೈ ಸುಕ್ಕುಗಟ್ಟಿ, ತಲೆ ನರೆತು, ಮಕ್ಕಳಿಗೆ ಮಕ್ಕಳಾದುದನ್ನು ಕಂಡ ಬಳಿಕ ಗೃಹಸ್ಥನು ಕಾಡನ್ನು ಆಶ್ರಯಿಸಬೇಕೆಂದು ಮನುಸ್ಮೃತಿಯ ಆರನೆಯ ಅಧ್ಯಾಯ ವಿಧಿಸುತ್ತದೆ. ನಾಲ್ಕು ಆಶ್ರಮಗಳಲ್ಲಿ ಮೂರನೆಯದಾದ ಇದಕ್ಕೆ ವಾನಪ್ರಸ್ಥವೆಂದು ಹೆಸರು. ಹೊರಡುವವನು ಅಗ್ನಿಹೋತ್ರದ ಬೆಂಕಿಯನ್ನೂ ಅದರ ಪರಿಕರಗಳನ್ನೂ ಜೊತೆಗೆ ಒಯ್ಯಬೇಕು, ಊರಿನ ಆಹಾರವನ್ನು ಬಿಡಬೇಕು, ಹೆಂಡತಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಬೇಕು, ಇಲ್ಲವೇ ಅವಳನ್ನೂ ಕರೆದೊಯ್ಯಬೇಕು ಎಂಬುದು ಅಲ್ಲಿನ ಕಟ್ಟಳೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಈಚೆಗೆ ಹೇರಳವಾಗಿ ಕಾಣಸಿಗುವ ಒಂದು ವರ್ಗದ ಗೃಹಸ್ಥರು ಈ ಆಶ್ರಮವನ್ನು, ಮನೆಸಾಲದ ಕಂತುಗಳು ಇನ್ನೂ ಹದಿನೇಳು ವರ್ಷ ಬಾಕಿಯಿರುವಾಗಲೇ, ಶನಿವಾರ ಬೆಳಗಿನ ಐದೂವರೆಗೆ ಸ್ವೀಕರಿಸಿ ಭಾನುವಾರ ಸಂಜೆಗೆ ತ್ಯಜಿಸುತ್ತಾರೆ. ಇವರು ಅಗ್ನಿಹೋತ್ರದ ಬದಲು ಎರಡು ಲೈಟರುಗಳನ್ನು ಒಯ್ಯುತ್ತಾರೆ, ಊರಿನ ಆಹಾರವನ್ನು ಚನ್ನರಾಯಪಟ್ಟಣದ ಹೋಟೆಲು ದಾಟುವವರೆಗೆ ಬಿಡುವುದಿಲ್ಲ, ಮತ್ತು ಹೆಂಡತಿಯನ್ನು ಮಕ್ಕಳ ವಶಕ್ಕೆ ಒಪ್ಪಿಸುವ ಬದಲು ಮಗುವನ್ನೇ ಹೆಂಡತಿಯ ವಶದಿಂದ ಬಿಡಿಸಿಕೊಂಡು ಹೊರಡುತ್ತಾರೆ. ಅಪ್ಪ ಮತ್ತು ಮಗು ಇಬ್ಬರೇ ಡೇರೆ ಹಾಕಿ, ಬಯಲಿನಲ್ಲಿ ಒಲೆ ಹೂಡಿ, ಬೇಯಿಸಿಕೊಂಡು ಉಣ್ಣುವ ಈ ಮೂವತ್ತಾರು ಗಂಟೆಗಳ ವ್ರತವನ್ನು ಹಿಡಿದವನನ್ನು ‘ವಾರಾಂತ್ಯದ ವಾನಪ್ರಸ್ಥ’ ಎಂದು ಕರೆಯುವುದು ಸೂಕ್ತ.

ಇವನ ಪೂರ್ವೋತ್ತರವನ್ನು ಅರಿಯದೆ ಇವನ ನಡವಳಿಕೆಯನ್ನು ವಿವರಿಸಲಾಗದು. ಇವನ ಅತಿ ಶುದ್ಧವಾದ ಮಾದರಿ ಹುಟ್ಟುವುದು ಹಾಸನದ ಕಡೆಯ ಹಳ್ಳಿಯೊಂದರಲ್ಲಿ, ಅಟ್ಟದ ತೊಲೆಗಳು ಮಸಿಯಿಂದ ಮಿರಮಿರನೆ ಹೊಳೆಯುವ ಅಡುಗೆಮನೆಯಲ್ಲಿ. ಅವ್ವ ಹಿತ್ತಲಿನಿಂದ ಸೌದೆ ತರಲು ಕೂಗಿದಾಗಲೆಲ್ಲ ಇವನು ಪಠ್ಯಪುಸ್ತಕ ತೆರೆದು ಕೂರುತ್ತಿದ್ದನು. ಓದುವ ಹುಡುಗನನ್ನು ಎಬ್ಬಿಸಬಾರದೆಂಬ ನಿಯಮ ಆ ಮನೆಯಲ್ಲಿ ಇದ್ದುದರಿಂದ, ಸೌದೆಯ ಹೆದರಿಕೆಯೇ ಇವನನ್ನು ಎಂಜಿನಿಯರಿಂಗ್ ಕಾಲೇಜಿನವರೆಗೆ ತಲುಪಿಸಿತು ಎಂದರೆ ಉತ್ಪ್ರೇಕ್ಷೆಯಾಗದು. ಇವನು ಊರು ಬಿಡುವುದಕ್ಕೂ ಬಹಳ ಮೊದಲೇ ಇನ್ನೊಂದು ಪೀಳಿಗೆಯ ಎಂಜಿನಿಯರುಗಳು ಅದೇ ಹೊಗೆಯನ್ನು ಅಡುಗೆಮನೆಯಿಂದ ಹೊರಹಾಕಲು ತಲೆ ಕೆಡಿಸಿಕೊಂಡಿದ್ದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು; ಕಡಿಮೆ ಸೌದೆ ಸಾಕಾಗುವ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆ ಕಳಿಸುವ ‘ಅಸ್ತ್ರ ಒಲೆ’ ರೂಪುಗೊಂಡದ್ದು ಅಲ್ಲಿಯೇ. ಆಮೇಲೆ ಹಳ್ಳಿಗಳಿಗೆ ಸಿಲಿಂಡರು ಬಂದಿತು, 2016ರ ಉಜ್ವಲ ಯೋಜನೆಯ ಬಳಿಕ ಬಡವರ ಮನೆಗಳಿಗೂ ಬಂದಿತು. ಹೀಗೆ ನಾಡೆಲ್ಲ ಸೇರಿ ಹೊಗೆಯನ್ನು ಹೊರಗಟ್ಟುತ್ತಿರುವ ಹೊತ್ತಿನಲ್ಲಿ, ಅದನ್ನು ಹುಡುಕಿಕೊಂಡು 220 ಕಿಲೋಮೀಟರ್ ಕಾರು ಓಡಿಸಿಕೊಂಡು ಸಕಲೇಶಪುರಕ್ಕೆ ಹೋಗುವವನೇ ವಾರಾಂತ್ಯದ ವಾನಪ್ರಸ್ಥ.

ಇವನಿಗೆ ಈ ವಿದ್ಯೆಯ ಅಧಿಕಾರ ಒದಗಿದ್ದು ಸ್ಕೌಟ್ ಚಳವಳಿಯಿಂದ ಎಂದು ಇವನ ವಾದ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಗುಂಪೊಂದನ್ನು ಡೇರೆಗಳಲ್ಲಿ ಇರಿಸಿ ನಡೆಸಿದ ಪ್ರಯೋಗದಿಂದ ಹುಟ್ಟಿದ ಈ ಚಳವಳಿ, ಸ್ವಾತಂತ್ರ್ಯಾನಂತರ 1950ರಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಒಂದೇ ಸಂಸ್ಥೆಯಾಗಿ ನಮ್ಮ ಶಾಲೆಗಳಲ್ಲಿ ನೆಲೆಯೂರಿತು. ಅಲ್ಲಿ ವಿದ್ಯಾರ್ಥಿಯು ‘ಪ್ರವೇಶ’ವನ್ನು ಮುಗಿಸಿ ಪ್ರಥಮ, ದ್ವಿತೀಯ, ತೃತೀಯ ಎಂಬ ಮೂರು ಸೋಪಾನಗಳನ್ನು, ಎಂದರೆ ಮೆಟ್ಟಿಲುಗಳನ್ನು, ಏರಬೇಕಾಗುತ್ತದೆ. ವಾನಪ್ರಸ್ಥನು ಪ್ರಥಮ ಸೋಪಾನದಲ್ಲಿ ಹಗ್ಗದ ಗಂಟು ಹಾಕುವುದನ್ನು ಕಲಿತು, ಬಿಚ್ಚುವುದನ್ನು ಕಲಿಯುವ ಮೊದಲೇ ಎಸ್ಸೆಸ್ಸೆಲ್ಸಿಯ ಟ್ಯೂಷನ್ನಿಗೆ ಸೇರಿದವನು. ಆದರೂ ಮಗಳ ಮುಂದೆ ಸ್ಕೌಟಿನ ಮಾತು ಬಂದಾಗಲೆಲ್ಲ ಮೂರೂ ಮೆಟ್ಟಿಲುಗಳು ಇವನ ಧ್ವನಿಯಲ್ಲಿ ಸೇರಿಕೊಳ್ಳುತ್ತವೆ.

ಹೊರಡುವ ಹದಿನೈದು ದಿನ ಮೊದಲೇ ಸಿದ್ಧತೆ ಆರಂಭವಾಗುತ್ತದೆ. ಕಚೇರಿಯ ಕೆಲಸಕ್ಕೆಂದು ಇರುವ ಎಕ್ಸೆಲ್ ಹಾಳೆಯಲ್ಲಿ ನಲವತ್ತಮೂರು ವಸ್ತುಗಳ ಪಟ್ಟಿ ಸಿದ್ಧಗೊಂಡು, ತಂದದ್ದು ಹಸಿರು, ತರಬೇಕಾದದ್ದು ಕೆಂಪು ಎಂದು ವಿಂಗಡಣೆಯಾಗುತ್ತದೆ. ಹಣೆಗೆ ಕಟ್ಟುವ ದೀಪ, ಮಡಚುವ ಕುರ್ಚಿ, ಮಡಚುವ ಬಕೆಟ್ಟು, ಒಂಬತ್ತು ಕೆಲಸ ಮಾಡುವ ಚಾಕು, ಇಂಬಳ ಹತ್ತದಂತೆ ಮೊಣಕಾಲಿನವರೆಗೆ ಏರಿಸುವ ಕಾಲುಚೀಲ, ಅವೆಲ್ಲವನ್ನೂ ಮೀರಿದ್ದು ಡೇರೆ. ಡೇರೆಯ ಬಟ್ಟೆಯ ಮೇಲೆ ಕೊಳವೆಯೊಂದನ್ನು ನಿಲ್ಲಿಸಿ ನೀರು ತುಂಬುತ್ತ ಹೋದರೆ, ಎಷ್ಟು ಎತ್ತರದ ನೀರಿನ ಒತ್ತಡದವರೆಗೆ ಅದು ಹನಿ ಜಿನುಗಿಸದೆ ತಡೆದೀತು ಎಂಬುದನ್ನು ಮಿಲಿಮೀಟರಿನಲ್ಲಿ ನಮೂದಿಸುವ ಪದ್ಧತಿಯಿದೆ. ಇವನ ಡೇರೆಯ ಚೀಲದ ಮೇಲೆ 3000 ಎಂದಿರುತ್ತದೆ. ಈ ಅಂಕಿಯನ್ನು ಮಳೆಮಾಪನದ ಅಂಕಿಯೆಂದು ಭಾವಿಸುವ ವಾನಪ್ರಸ್ಥನು, ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ಆಸುಪಾಸಿನ ಮಳೆಯಾಗುವುದರಿಂದ, ತನ್ನ ಡೇರೆಯು ಒಂದೂವರೆ ವರ್ಷದ ಮಳೆಯನ್ನು ಸಲೀಸಾಗಿ ತಡೆಯಬಲ್ಲದೆಂದು ಹೆಂಡತಿಗೆ ಭರವಸೆ ಕೊಡುತ್ತಾನೆ. ಹೆಂಡತಿ ಮಗಳ ಚೀಲದ ತಳದಲ್ಲಿ, ಪಟ್ಟಿಯಲ್ಲಿಲ್ಲದ ನಲವತ್ತನಾಲ್ಕನೆಯ ವಸ್ತುವಾಗಿ, ಚಪಾತಿ ಮತ್ತು ಕಡಲೆಬೀಜದ ಚಟ್ನಿಪುಡಿಯ ಡಬ್ಬಿಯನ್ನು ಮಾತಿಲ್ಲದೆ ಇಡುತ್ತಾಳೆ.

ಕಾಡು ಎಂಬ ಪದವನ್ನು ಇಲ್ಲಿ ಸ್ವಲ್ಪ ಸಡಿಲವಾಗಿ ಗ್ರಹಿಸಬೇಕು. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧವಾದುದರಿಂದ, ವಾನಪ್ರಸ್ಥನ ಕಾಡು ಹೋಂಸ್ಟೇ ನಡೆಸುವ ಕಾಫಿ ತೋಟವೊಂದರ ಹುಲ್ಲುಹಾಸಿನ ಮೇಲೆ, ಬಿಸಿನೀರು ಬರುವ ಬಚ್ಚಲಿನಿಂದ ನಲವತ್ತು ಹೆಜ್ಜೆ ದೂರದಲ್ಲಿರುತ್ತದೆ. ಈ ನಲವತ್ತು ಹೆಜ್ಜೆಗಳನ್ನು ಫೋಟೋದ ಚೌಕಟ್ಟಿನಿಂದ ಹೊರಗಿಡುವುದು ಇವನ ಕಲೆಗಳಲ್ಲೊಂದು.

ಒಲೆ ಹೂಡುವ ಹೊತ್ತಿಗೆ ಇವನ ನಿಜಸ್ವರೂಪ ಪೂರ್ತಿಯಾಗಿ ಪ್ರಕಟವಾಗುತ್ತದೆ. ಮೂರು ಕಲ್ಲುಗಳನ್ನು ಇಟ್ಟು, ಅವುಗಳ ನಡುವೆ ಸಿಕ್ಕ ಸೌದೆಯನ್ನೆಲ್ಲ ಇರುಕಿ, ಕಡ್ಡಿ ಗೀರುವ ಮೊದಲು ಇವನು ಮಗಳಿಗೆ ದಹನಕ್ರಿಯೆಯನ್ನು ವಿವರಿಸುತ್ತಾನೆ. ಸೌದೆ ತಾನಾಗಿ ಉರಿಯುವುದಿಲ್ಲವೆಂದೂ, ಕಾದಾಗ ಅದರಿಂದ ಹೊರಡುವ ಅನಿಲವೇ ಜ್ವಾಲೆಯಾಗುತ್ತದೆಂದೂ, ಸೌದೆ ಹಸಿಯಾಗಿದ್ದರೆ ಶಾಖವೆಲ್ಲ ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ವ್ಯಯವಾಗಿ ಅನಿಲವು ಅರೆಬರೆ ಉರಿದು ಹೊಗೆಯಾಗುತ್ತದೆಂದೂ ಇವನು ಹೇಳುವುದು ಅಕ್ಷರಶಃ ಸತ್ಯ. ಹೇಳಿ ಮುಗಿಸುವಷ್ಟರಲ್ಲಿ ಇವನ ಒಲೆ ಅದನ್ನೇ ಉದಾಹರಣೆ ಸಮೇತ ಸಾಬೀತುಪಡಿಸುತ್ತಿರುತ್ತದೆ ಎಂಬುದೂ ಸತ್ಯ. ಆಮೇಲೆ ಇವನು ನೆಲಕ್ಕೆ ಕೆನ್ನೆ ತಾಗಿಸಿ ಊದುತ್ತಾನೆ, ಬೂದಿ ಮುಖಕ್ಕೆ ಹಾರುತ್ತದೆ. ಡೇರೆಯ ಸೂಚನಾಪತ್ರದಿಂದ ಗಾಳಿ ಹಾಕುತ್ತಾನೆ, ಹೊಗೆ ದಿಕ್ಕು ಬದಲಿಸಿ ಮಗಳ ಕಡೆ ತಿರುಗುತ್ತದೆ. ಕೊನೆಗೆ ಆ ಸೂಚನಾಪತ್ರವನ್ನೇ ಒಲೆಗೆ ಹಾಕುತ್ತಾನೆ, ಅದೊಂದು ಮಾತ್ರ ಚೆನ್ನಾಗಿ ಉರಿಯುತ್ತದೆ. ನಲವತ್ತಮೂರು ವಸ್ತುಗಳ ನಡುವೆ ಇಲ್ಲದ ವಸ್ತುವೊಂದು ಆಗ ಇವನ ನೆನಪಿಗೆ ಬರುತ್ತದೆ: ಅವ್ವನ ಒಲೆಯ ಪಕ್ಕದಲ್ಲಿ ಸದಾ ಗೋಡೆಗೆ ಒರಗಿರುತ್ತಿದ್ದ, ಒಂದು ತುದಿ ಬಾಯಿಗೆ ತಾಗಿ ತಾಗಿ ನುಣುಪಾಗಿದ್ದ, ಇನ್ನೊಂದು ತುದಿ ಕೆಂಡಕ್ಕೆ ಬೆಂದು ಕಪ್ಪಾಗಿದ್ದ, ಮೊಳದುದ್ದದ ಕಬ್ಬಿಣದ ಊದುಗೊಳವೆ.

ನೆನಪು ಬಂದಮೇಲೆ ಫೋನು ಹೋಗುವುದು ಸಹಜ. ಊರಿನ ಅವ್ವ ಮಗನ ಸಮಸ್ಯೆಯನ್ನು ಅರ್ಧ ವಾಕ್ಯದಲ್ಲೇ ಗ್ರಹಿಸುತ್ತಾಳೆ.

“ಸೌದೆನೆಲ್ಲ ಒಟ್ಟಿಗೆ ತುರುಕಿದ್ದೀಯೇನೋ? ಒಲೆಗೂ ಉಸಿರಾಡೋಕೆ ಜಾಗ ಬಿಡಬೇಕು ಕಣೋ,” ಎನ್ನುತ್ತಾಳೆ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಹೊಗೆ ಬೇಡ ಅಂತ ತಾನೆ ನಿನ್ನ ಓದಿಸಿದ್ದು?” ಎಂದೂ ಸೇರಿಸುತ್ತಾಳೆ.

ಈ ಪ್ರಶ್ನೆಗೆ ವಾನಪ್ರಸ್ಥರ ವರ್ಗದಲ್ಲಿ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ; ಸಿಗ್ನಲ್ ಸಿಗುತ್ತಿಲ್ಲವೆಂದು ಹೇಳಿ ಫೋನು ಇಡುವುದೇ ರೂಢಿ.

ಅಷ್ಟರಲ್ಲಿ ತೋಟದ ರೈಟರು, ಎಂದರೆ ಆಳುಗಳ ಹಾಜರಿ ಬರೆದು ಕೆಲಸದ ಉಸ್ತುವಾರಿ ನೋಡಿಕೊಳ್ಳುವವರು, ಟಾರ್ಚು ಹಿಡಿದುಕೊಂಡು ಆ ದಾರಿಯಲ್ಲಿ ಬರುತ್ತಾರೆ. “ಸ್ವಲ್ಪ ಆಕಡೆ ಬನ್ನಿ ಸಾರ್” ಎಂದು ಹೇಳಿ, ಕುಕ್ಕರಗಾಲಿನಲ್ಲಿ ಕೂತು, ಇವನು ತುಂಬಿದ್ದ ಸೌದೆಯಲ್ಲಿ ಮುಕ್ಕಾಲು ಪಾಲನ್ನು ಹೊರಗೆಳೆದು, ಹಳೆಯ ಕಾಫಿ ಗಿಡದ ಒಣಗಿದ ಪುರಲೆಗಳನ್ನು ಬೆರಳಲ್ಲೇ ಮುರಿದು ಗುಡ್ಡೆ ಮಾಡಿ, ಅದರ ಮೇಲೆ ಸೌದೆ ತುಂಡುಗಳನ್ನು ಒಂದಕ್ಕೊಂದು ಒರಗಿಸಿ, ಒಂದೇ ಕಡ್ಡಿ ಗೀರುತ್ತಾರೆ. ಬೆಂಕಿಯು ತನ್ನ ಪರಿಚಯದವರನ್ನು ಕಂಡಂತೆ ಎದ್ದು ನಿಲ್ಲುತ್ತದೆ. ತಾನೂ ಅದನ್ನೇ ಮಾಡುವುದರಲ್ಲಿದ್ದೆನೆಂದು ವಾನಪ್ರಸ್ಥನು ಹೇಳುತ್ತಾನೆ. ರೈಟರು ಒಪ್ಪಿ ತಲೆಯಾಡಿಸುತ್ತಾರೆ, ಏಕೆಂದರೆ ಹೋದ ಶನಿವಾರದ ಸಾರೂ ಅದನ್ನೇ ಹೇಳಿದ್ದರು.

ಪಾಕಶಾಸ್ತ್ರದ ಭಾಗ ಸಂಕ್ಷಿಪ್ತವಾದದ್ದು. ಮೊದಲ ಆಯ್ಕೆ ಬಿದಿರಂಡೆಯ ಬಿರಿಯಾನಿ: ಹಸಿ ಬಿದಿರಿನ ಒಂದು ತುದಿಯ ಗಿಣ್ಣನ್ನು ಉಳಿಸಿಕೊಂಡು, ತೆರೆದ ತುದಿಯಿಂದ ಅಕ್ಕಿ, ಮಸಾಲೆ, ನೀರು ತುಂಬಿ, ಬಾಯನ್ನು ಬಾಳೆಲೆಯಿಂದ ಸಡಿಲವಾಗಿ ಮುಚ್ಚಿ ಕೆಂಡದ ಮೇಲೆ ಒರಗಿಸಿಡುವ ಕ್ರಮವಿದು. ಆ ‘ಸಡಿಲವಾಗಿ’ ಎಂಬ ಪದದ ಮಹತ್ವವನ್ನು ವಾನಪ್ರಸ್ಥನು ಅರಿಯುವುದು, ತನಗೆ ಗೊತ್ತಿರುವ ಎಲ್ಲ ಸ್ಕೌಟ್ ಗಂಟುಗಳನ್ನೂ ಹಾಕಿ ಬಿಗಿದು ಕಟ್ಟಿದ ಅಂಡೆಯು ಒಳಗಿನ ಆವಿಯ ಒತ್ತಡ ತಾಳದೆ ಢಮ್ಮೆಂದು ಸಿಡಿದು, ತೋಟದ ನಾಯಿ ಲೈನ್ ಮನೆಗಳ ಕಡೆ ಓಡಿದ ಮೇಲೆ. ಎರಡನೆಯ ಆಯ್ಕೆ ಬರಿಯ ಅನ್ನ. ಅದು ನಡುವೆ ಗಟ್ಟಿಯಾಗಿ ಉಳಿದಾಗ ಇವನು ಭೌತಶಾಸ್ತ್ರವನ್ನು ಮತ್ತೊಮ್ಮೆ ಕರೆಯುತ್ತಾನೆ: ಸಮುದ್ರಮಟ್ಟದಿಂದ ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯುವ ಉಷ್ಣತೆ ಇಳಿಯುವುದರಿಂದ, ಇಂಥ ಎತ್ತರದ ಮಲೆನಾಡಿನಲ್ಲಿ ಅಕ್ಕಿ ಬೇಯುವುದು ತಡ.

“ಬೆಂಗಳೂರೂ 900 ಮೀಟರ್ ಮೇಲೇ ಇದೆ ಅಪ್ಪ, ಸಕಲೇಶಪುರದಷ್ಟೇ. ಸಮಾಜ ಟೀಚರ್ ಹೇಳಿದ್ರು,” ಎನ್ನುತ್ತಾಳೆ ಒಂಬತ್ತು ವರ್ಷದ ಮಗಳು.

ಮೂರನೆಯ ಆಯ್ಕೆ ಮ್ಯಾಗಿ. ಅದೂ ತಳ ಹತ್ತಿದ ಬಳಿಕ ಚೀಲದ ತಳದಲ್ಲಿದ್ದ ಡಬ್ಬಿ ಹೊರಬರುತ್ತದೆ. ಚಪಾತಿಯನ್ನು ಕೆಂಡದ ಮೇಲೆ ಬಿಸಿ ಮಾಡಿಕೊಂಡು ತಿನ್ನುವಾಗ ಅದನ್ನು ‘ಕೆಂಡದ ರೊಟ್ಟಿ’ ಎಂದು ಹೆಸರಿಸಿ ಅಡುಗೆಯ ಕರ್ತೃತ್ವವನ್ನು ಇವನು ಮರಳಿ ಪಡೆಯುತ್ತಾನೆ.

ಮಗುವಿಗೆ ಇದೆಲ್ಲದರಿಂದ ಆಗುವ ಲಾಭವೇನೆಂಬ ಪ್ರಶ್ನೆ ಉಳಿಯುತ್ತದೆ. ಸ್ವಾವಲಂಬನೆ, ನಿಸರ್ಗಪ್ರೇಮ, ಪರದೆಯಿಂದ ಬಿಡುಗಡೆ ಎಂಬ ಮೂರು ಫಲಗಳನ್ನು ವಾನಪ್ರಸ್ಥನು ಮುಂಚಿತವಾಗಿಯೇ ಘೋಷಿಸಿರುತ್ತಾನೆ. ಮಗಳಿಗೆ ದಕ್ಕುವುದು ಬೇರೆಯೇ. ಸೋಮವಾರದಿಂದ ಶುಕ್ರವಾರದವರೆಗೆ ಕಿವಿಗೆ ಯಂತ್ರ ತೂರಿಸಿಕೊಂಡು ಎಲ್ಲರಿಗೂ ಉಪಾಯ ಹೇಳುವ ಅಪ್ಪ, ಇಲ್ಲಿ ಮುಖಕ್ಕೆಲ್ಲ ಮಸಿ ಬಳಿದುಕೊಂಡು, ಏನೂ ತೋಚದೆ, ಅವಳ ಪಕ್ಕದ ಕಲ್ಲಿನ ಮೇಲೆ ಎರಡು ಗಂಟೆ ಒಂದೇ ಕಡೆ ಕೂತಿರುತ್ತಾನೆ. ಗೆಣಸನ್ನು ಜ್ವಾಲೆಯಲ್ಲಿ ಹಿಡಿಯದೆ ಬಿಸಿಬೂದಿಯಲ್ಲಿ ಹೂತರೆ ಚೆನ್ನಾಗಿ ಬೇಯುತ್ತದೆಂದು ರೈಟರಿಂದ ಕೇಳಿ ತಿಳಿದ ಅವಳು, ಅದನ್ನು ಅಪ್ಪನಿಗೆ ಕಲಿಸುತ್ತಾಳೆ. ರಾತ್ರಿ ಮಳೆ ಬಂದಾಗ ಡೇರೆಯ ಬಟ್ಟೆ 3000ದ ಮಾತನ್ನು ಉಳಿಸಿಕೊಂಡರೂ, ಮುಚ್ಚಲು ಮರೆತ ಜಿಪ್ಪಿನ ಮೂಲಕ ನೀರು ಒಳನುಗ್ಗಿ, ಇಬ್ಬರೂ ಆ ನಲವತ್ತು ಹೆಜ್ಜೆಗಳನ್ನು ನಗುತ್ತ ಓಡಿ ಹೋಂಸ್ಟೇಯ ಜಗಲಿ ಸೇರುವುದೇ ಇಡೀ ವ್ರತದ ಅತ್ಯಂತ ಸುಖದ ಘಟ್ಟ. ಪಟ್ಟಿಯಲ್ಲಿ ಇದಕ್ಕೆ ಸಾಲು ಇರುವುದಿಲ್ಲ.

ವಾನಪ್ರಸ್ಥವು ಮುಗಿದ ವಾರದೊಳಗೆ ಇವನು ಮತ್ತೆ ಗೃಹಸ್ಥನಾಗಿ, ಮುಂದಿನ ಶಿಬಿರದ ಪಟ್ಟಿಯ ಕೊರತೆಯನ್ನು ತುಂಬಿಸುವ ಸಲುವಾಗಿ, ಒಂದರೊಳಗೊಂದು ಸರಿದು ಪೆನ್ನಿನಷ್ಟಾಗುವ ಸ್ಟೀಲಿನ ಊದುಗೊಳವೆಯೊಂದನ್ನು ಆನ್‌ಲೈನಿನಲ್ಲಿ ತರಿಸುತ್ತಾನೆ. ಮಗಳು ಅದನ್ನು ಉದ್ದಕ್ಕೆ ಎಳೆದು, ವೀಡಿಯೊ ಕರೆಯಲ್ಲಿ ಅಜ್ಜಿಗೆ ಹಿಡಿದು ತೋರಿಸುತ್ತಾಳೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದ ಅವ್ವ, ಮಗನನ್ನು ಕರೆದು ಕೇಳುತ್ತಾಳೆ: “ಗ್ಯಾಸ್ ಬಂದಾಗ ನಮ್ಮದನ್ನ ಗುಜರಿಯವನಿಗೆ ಹಾಕಿದ್ದೆನಲ್ಲೋ! ನಿನಗೆ ಎಷ್ಟಕ್ಕೆ ಕೊಟ್ಟ?”