ವಿದ್ಯಾರ್ಥಿಯ ಕಾರ್ಯಬಾಹುಳ್ಯ

ಮಾನಸಗಂಗೋತ್ರಿಯ ವಿದ್ಯಾರ್ಥಿನಿಲಯದಲ್ಲಿ, ಗಂಟೆ ಹತ್ತಾದರೂ ಹೊದಿಕೆಯನ್ನು ಸಂಪೂರ್ಣವಾಗಿ ಪರಿತ್ಯಜಿಸದೆ ಮಂಚದ ಮೇಲೆ ಆಸೀನನಾಗಿದ್ದ ಸೋದರಳಿಯನನ್ನು, ಹಳ್ಳಿಯಿಂದ ಚಕ್ಕುಲಿಯ ಡಬ್ಬಿಯೊಡನೆ ಆಗಮಿಸಿದ ಮಾವನವರು ವ್ಯಾಸಂಗದ ವಿಷಯವಾಗಿ ವಿಚಾರಿಸಿದರು.

“ಓದುವುದಕ್ಕೆ ಪುರುಸೊತ್ತೆಲ್ಲಿ ಮಾವ? ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ನೋಟ್ಸ್ ಜೆರಾಕ್ಸ್ ಮಾಡಿಸಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಸಹಿ ಹಾಕಿಸಬೇಕು, ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ವಿಚಾರಗೋಷ್ಠಿ.”

“ಏರಿಯ ಮೇಲೆ ಗೋಷ್ಠಿಯೇ! ವಿಷಯ?”

“ಕಾಲದ ಸದ್ವಿನಿಯೋಗ.”

ಮೇಜಿನ ಮೇಲೆ ಗ್ರಂಥಗಳಿದ್ದುವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಅಂಗಿಗಳ ಇಸ್ತ್ರಿ ಕೆಡದಂತೆ ಅವು ಭಾರವಾಗಿ ಕುಳಿತಿದ್ದುವು.

“ಇವನ್ನು ಬಿಚ್ಚುವುದು ಯಾವಾಗಪ್ಪಾ?”

“ಪರೀಕ್ಷೆಯನ್ನು ಮುಂದೂಡಬೇಕೆಂದು ಕುಲಪತಿಗಳಿಗೆ ಮನವಿ ಕೊಡುತ್ತಿದ್ದೇವೆ. ಅದರ ಕರಡು ತಿದ್ದುವುದಕ್ಕೇ ಈ ವಾರ ಸಾಲದು, ಮಾವ!”